ಐವತ್ತರ ನೋಟಿನ ಕಲ್ಲಿನ ರಥ

2017ರಲ್ಲಿ ಹಂಪಿ ನೋಟಿಗೇರಿದಾಗ ನಾವೆಲ್ಲ ಬೀಗಿದೆವು. ಆ ನೀಲಿ ಐವತ್ತರ ಗರಿಗರಿ ಕಟ್ಟು, ಸ್ಟಾರ್ ಸರಣಿ, 786ರಲ್ಲಿ ಮುಗಿಯುವ ನಂಬರು ಎಂದರೆ ಸಂಗ್ರಾಹಕರು ಈಗಲೂ ಕಿವಿ ನಿಮಿರಿಸುತ್ತಾರೆ. ನಂಬರಿನ ಬೇಟೆ ಅವರಿಗಿರಲಿ. ಚಿತ್ರವಾಗಿ ನೋಡಿದರೆ ಅದು ನಮ್ಮ ಅಭಿಮಾನದ ಕೃಪಾಂಕದಿಂದ ಪಾಸಾದದ್ದು.

ನೋಟಿನ ಅಳತೆ 66 ಮಿ.ಮೀ., 135 ಮಿ.ಮೀ. ಅಷ್ಟರಲ್ಲೇ ಭಾಷಾ ಪಟ್ಟಿ, ಸ್ವಚ್ಛ ಭಾರತದ ಕನ್ನಡಕ, ಅದರ ಘೋಷಣೆ, ಮುದ್ರಣದ ವರ್ಷ, ಜ್ಯಾಮಿತಿಯ ಬಳ್ಳಿಸಾಲು. ಇವೆಲ್ಲ ಕೂತು ಉಳಿದ ಜಾಗದಲ್ಲಿ ಇಡೀ ರಥ ನಿಲ್ಲಬೇಕು. ಕೋನವೂ ಪ್ರವಾಸೋದ್ಯಮದ ಪೋಸ್ಟರಿನದೇ. ವಿಠ್ಠಲನ ಎದುರು ನಿಂತ ಗರುಡನ ಗುಡಿ ಇದು. ನೋಟಿನಲ್ಲಿ ಗರುಡನೂ ಇಲ್ಲ, ವಿಠ್ಠಲನ ಸುಳಿವೂ ಇಲ್ಲ. ಒಡೆಯನಿಲ್ಲದ ವಾಹನ.

ಆನೆಗಳನ್ನು ನೋಡಿ. ರಥದ ಗಾತ್ರಕ್ಕೆ ಅವು ಸಣ್ಣವು, ಏಕೆಂದರೆ ಅವು ಅಲ್ಲಿಯವಲ್ಲ. ಮೊದಲು ಅಲ್ಲಿದ್ದವು ಕುದುರೆಗಳು. ಆನೆಗಳ ಹಿಂದೆ ಆ ಕುದುರೆಗಳ ಹಿಂಗಾಲಿನ ಗುರುತು ಇಂದಿಗೂ ಕಾಣುತ್ತದೆ. ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೂ ಇತ್ತು. ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ನಿಚ್ಚಳವಾಗಿದೆ. ಆಮೇಲೆ ಅದನ್ನು ಇಳಿಸಿಬಿಟ್ಟರು. ಅಂದರೆ ನಾವು ವಿಜಯನಗರವೆಂದು ಜೇಬಿನಲ್ಲಿಟ್ಟುಕೊಂಡದ್ದು ಬೋಳುತಲೆಯ, ಎರವಲು ಆನೆಗಳ ರಥ. ನೋಟೇನು ಪುರಾತತ್ವ ಇಲಾಖೆಯ ವರದಿಯೇ ಎಂದು ಕೇಳಬಹುದು. ಅಲ್ಲ, ಒಪ್ಪಿದೆ. ಹಾಗಾದರೆ ಅದಕ್ಕೆ ಚಿತ್ರದ ಧೈರ್ಯವಾದರೂ ಬೇಕಿತ್ತು. ಹಿಂದೊಂದು ಕಾಲದ ಇಪ್ಪತ್ತರ ನೋಟಿನಲ್ಲಿ ಕೋನಾರ್ಕದಿಂದ ಒಂದೇ ಒಂದು ಚಕ್ರವನ್ನು ಆರಿಸಿಕೊಂಡಿದ್ದರು, ದೇವಾಲಯವನ್ನು ಕಣ್ಣು ತಾನೇ ಕಟ್ಟಿಕೊಳ್ಳುತ್ತಿತ್ತು. 2018ರ ಹತ್ತರ ನೋಟಿಗೆ ಪೂರ್ತಿ ಸೂರ್ಯ ದೇವಾಲಯವನ್ನೇ ತುರುಕಿದರು. ಅದು ಕಂದು ಗುಡ್ಡೆಯಾಯಿತು.

ಆರಿಸುವ ಈ ವಿದ್ಯೆ ವಿಜಯನಗರದ ಟಂಕಸಾಲೆಗೆ ಚೆನ್ನಾಗಿ ಗೊತ್ತಿತ್ತು. ಮೂರೂವರೆ ಗ್ರಾಂ ಕೂಡ ತೂಗದ ವರಾಹದ ಮೇಲೆ ಕೃಷ್ಣದೇವರಾಯನ ಕಾಲದ ಅಚ್ಚುಗಾರ ಬಾಲಕೃಷ್ಣನನ್ನು ಕೂರಿಸಿದ. ಅಚ್ಯುತರಾಯನ ಕಾಲದಲ್ಲಿ ಗಂಡಭೇರುಂಡ ಬಂತು. ಉಗುರಿನಷ್ಟು ಬಂಗಾರದಲ್ಲಿ ಒಂದೇ ರೂಪ, ಹಿಂದೆ ರಾಜನ ಹೆಸರು. ಅಲ್ಲಿ ಬೇರೇನಕ್ಕೂ ಜಾಗ ಕೊಡಲಿಲ್ಲ.

ಇನ್ನು ನೋಟಿನ ಮೇಲೆ ದೇವರೇ ಬೇಕೆನ್ನುವವರ ವಾದ. 2022ರಲ್ಲಿ ಲಕ್ಷ್ಮಿ-ಗಣೇಶರ ಬೇಡಿಕೆ ಎದ್ದಾಗ ಎಲ್ಲರ ಬಾಯಲ್ಲೂ ಇಂಡೋನೇಷ್ಯಾ. ಸಂಗ್ರಾಹಕರಿಗೂ ಆ 20,000 ರುಪಿಯಾ ಪವಿತ್ರ ವಸ್ತು. ಬರೆದವರಲ್ಲಿ ಹೆಚ್ಚಿನವರು ನೋಟನ್ನು ತಿರುಗಿಸಿ ನೋಡಿದಂತಿಲ್ಲ. 1998ರ ಆ ನೋಟಿನ ಮುಂಬದಿಯ ನಾಯಕ ಶಿಕ್ಷಣ ಚಳವಳಿಯ ಕಿ ಹಜರ್ ದೇವಾಂತರ, ಹಿಂಬದಿಯಲ್ಲಿ ಶಾಲೆಯ ತರಗತಿ. ಗಣೇಶ ಅಲ್ಲಿ ವಿದ್ಯೆಯ ಲಾಂಛನವಾಗಿ ಪಕ್ಕದಲ್ಲಿ ಕೂತಿದ್ದಾನೆ. ಅಂಥ ನೋಟನ್ನೂ 2008ರ ಕೊನೆಗೆ ಚಲಾವಣೆಯಿಂದ ಹಿಂದಕ್ಕೆ ಪಡೆದರು. ಹದಿನಾಲ್ಕು ವರ್ಷಗಳ ಮೇಲೂ ನಮ್ಮ ಚರ್ಚೆಯಲ್ಲಿ ಅದು ಓಡುತ್ತಲೇ ಇತ್ತು. ದೇವರನ್ನು ತಂದರೆ ಚಿತ್ರ ಸುಧಾರಿಸೀತೆಂಬ ಭರವಸೆ ನನಗಿಲ್ಲ. ಸ್ವಚ್ಛ ಭಾರತದ ಪಕ್ಕ ಒತ್ತಿಕೊಂಡು ಕೂರುವ ಪಾಡು ಅವರಿಗೂ ತಪ್ಪದು.

ನಮ್ಮ ಅಭಿಮಾನದ ದೃಷ್ಟಿಯೂ ಮಂದವೇ. 2019ರ ಹಸಿರು ಮಿಶ್ರಿತ ಹಳದಿ ಇಪ್ಪತ್ತರ ನೋಟಿನಲ್ಲಿ ಎಲ್ಲೋರ ಬಂತು. ಅಲ್ಲಿನ ಕೈಲಾಸ ದೇವಾಲಯಕ್ಕೆ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರು ಅಂಟಿಕೊಂಡಿದೆ. ಹಂಪಿಗೆ ಕುಣಿದವರು ಅದನ್ನು ಸದ್ದಿಲ್ಲದೆ ತರಕಾರಿ ಗಾಡಿಗೆ ಕೊಟ್ಟು ಚಿಲ್ಲರೆ ಪಡೆದರು.