ಬೈಕಾದ ಹಡಗು, ಮುಳುಗಿಸಿದ ಹಡಗು

2016ರಲ್ಲಿ ಬಜಾಜ್ ಕಂಪನಿ ವಿ15 ಬೈಕನ್ನು ಮಾರುಕಟ್ಟೆಗೆ ಬಿಟ್ಟಾಗ ಜನ ಮೈಲೇಜಿಗಿಂತ ಪೆಟ್ರೋಲ್ ಟ್ಯಾಂಕಿನ ಬಗ್ಗೆಯೇ ಹೆಚ್ಚು ಮಾತಾಡಿದರು. ಅದರಲ್ಲಿ ಐಎನ್‌ಎಸ್ ವಿಕ್ರಾಂತ್‌ನ ಲೋಹ ಬೆರೆತಿತ್ತು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಕಾದಾಡಿದ್ದ ಆ ವಿಮಾನವಾಹಕ ನೌಕೆ 1997ರಲ್ಲಿ ನಿವೃತ್ತಿಯಾಗಿ, ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿ ತೇಲಿ, 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಹರಾಜಾಗಿ ದಾರೂಖಾನಾದ ಗುಜರಿ ಅಂಗಳ ಸೇರಿತ್ತು. ಜಾಹೀರಾತು ಸೊಗಸಾಗಿತ್ತು. ಆದರೆ ಅದು ಹೇಳಿದ್ದು ಲೋಹದ ಕಥೆಯನ್ನಷ್ಟೇ.

ಆ ಕಾಲದ ಯುದ್ಧನೌಕೆಯ ಬಾಯ್ಲರು, ಹಬೆ ಕೊಳವೆಗಳಿಗೆ ಕಲ್ನಾರು ಸುತ್ತುತ್ತಿದ್ದರು. ಬಣ್ಣದಲ್ಲಿ ಸೀಸ, ತಳದಲ್ಲಿ ಉಳಿದ ಎಣ್ಣೆ, ಗಾಳಿಯಾಡದ ನೂರಾರು ಕೋಣೆಗಳು. ಅಲ್ಲಿ ಆವಿ ಕಟ್ಟಿಕೊಂಡಿದ್ದರೆ ಗ್ಯಾಸ್ ಕಟರಿನ ಒಂದು ಕಿಡಿ ಸಾಕು. ಕಲ್ನಾರಿನ ಅಪಾಯ ಅಷ್ಟು ಅವಸರದ್ದಲ್ಲ. ಕೆರೆದಾಗ ಏಳುವ ಎಳೆ ಕಣ್ಣಿಗೆ ಕಾಣದು. ಎದೆಗೂಡು ಸೇರಿದ ಮೇಲೆ ಕ್ಯಾನ್ಸರಾಗಲು ಎರಡು ಮೂರು ದಶಕ ಹಿಡಿಯಬಹುದು. ಅಷ್ಟರಲ್ಲಿ ಕಾರ್ಮಿಕ ಊರಿಗೆ ಮರಳಿರುತ್ತಾನೆ.

ಫ್ರಾನ್ಸಿನ ಅಕ್ಕತಂಗಿ ವಿಮಾನವಾಹಕ ಹಡಗುಗಳೆರಡರ ಕೊನೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಕ್ಕ ಕ್ಲೆಮಾನ್ಸೊ 2005ರ ಡಿಸೆಂಬರ್ ಕೊನೆಗೆ ಗುಜರಾತಿನ ಅಲಂಗ್‌ನ ಗುಜರಿ ಅಂಗಳಕ್ಕೆ ಹೊರಟಿತು. ಒಡಲಲ್ಲಿರುವ ಕಲ್ನಾರು ಎಷ್ಟು ಟನ್ ಎಂಬುದರಲ್ಲೇ ಒಮ್ಮತವಿರಲಿಲ್ಲ. ಗ್ರೀನ್‌ಪೀಸ್ ಬೀದಿಗಿಳಿಯಿತು, ನಮ್ಮ ಸುಪ್ರೀಂ ಕೋರ್ಟೂ ಪ್ರಶ್ನೆ ಎತ್ತಿತು; 2006ರ ಫೆಬ್ರುವರಿಯಲ್ಲಿ ಅಧ್ಯಕ್ಷ ಶಿರಾಕ್ ಹಡಗನ್ನು ವಾಪಸು ಕರೆಸಿದರು. ಕೊನೆಗೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಅದನ್ನು ಕಳಚಿದರು. ದುಬಾರಿ, ನಿಧಾನ, ಮುಜುಗರದ ದಾರಿ. ಆದರೂ ಸರಿಯಾದ ದಾರಿ.

ತಂಗಿ ಫೋಶ್ 2000ದಲ್ಲಿ ಬ್ರೆಜಿಲ್‌ಗೆ ಮಾರಾಟವಾಗಿ ಸಾವೊ ಪೌಲೊ ಎನಿಸಿಕೊಂಡಿತ್ತು. 2022ರಲ್ಲಿ ಗುಜರಿಗೆಂದು ಟರ್ಕಿಯತ್ತ ಎಳೆದೊಯ್ಯುತ್ತಿದ್ದಾಗ ಟರ್ಕಿ ಅನುಮತಿ ಹಿಂತೆಗೆದುಕೊಂಡಿತು. ಮರಳಿ ಬಂದರೆ ತವರಿನಲ್ಲೂ ಬಂದರು ಸಿಗಲಿಲ್ಲ. 2023ರ ಫೆಬ್ರುವರಿ 3ರಂದು ಬ್ರೆಜಿಲ್ ನೌಕಾಪಡೆಯೇ ಅದನ್ನು ಅಟ್ಲಾಂಟಿಕ್‌ನಲ್ಲಿ, ಸುಮಾರು 5,000 ಮೀಟರ್ ಆಳದಲ್ಲಿ ಮುಳುಗಿಸಿತು. ಕಸವನ್ನು ಚಾಪೆಯಡಿ ಗುಡಿಸುವುದೆಂದರೆ ಇದೇ.

ಇಂಥದ್ದಕ್ಕೆ ಕಾನೂನಿಲ್ಲವೇ? ಇದೆ. ಹಡಗಿನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ ಕೇಳುವ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್‌ನಲ್ಲಿ ಜಾರಿಗೆ ಬಂತು; ಭಾರತ 2019ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಆದರೆ ಒಪ್ಪಂದ ಯುದ್ಧನೌಕೆಗಳನ್ನು ಹೊರಗಿಟ್ಟಿದೆ! ‘ಸಾಧ್ಯವಾದಷ್ಟು’ ಇದೇ ರೀತಿ ನಡೆದುಕೊಳ್ಳಿ ಎಂಬ ಮೃದು ಮಾತೊಂದೇ ಸರ್ಕಾರಗಳಿಗೆ.

ಹಡಗನ್ನು ಕಳಚದೆ ಉಳಿಸಿಕೊಳ್ಳಬಹುದಲ್ಲ ಎನ್ನುವವರು ಕಾರವಾರದ ಕಡಲದಂಡೆಯ ಐಎನ್‌ಎಸ್ ಚಪಲ್ ತೋರಿಸುತ್ತಾರೆ. ಅದು ಪುಟ್ಟ ಕ್ಷಿಪಣಿ ದೋಣಿ, ದಡಕ್ಕೆಳೆದು ಕೂರಿಸಿದರಾಯಿತು. ವಿಮಾನವಾಹಕದ ಮಾತೇ ಬೇರೆ: ಐಎನ್‌ಎಸ್ ವಿರಾಟ್ ಉಳಿಸಿ ಎಂಬ ಮೊರೆ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗುವ ಹೊತ್ತಿಗೆ ಅಲಂಗ್‌ನಲ್ಲಿ ಅದರ ಸುಮಾರು ಶೇಕಡ 40 ಭಾಗ ಕಳಚಿಯಾಗಿತ್ತು.

ಮುಂದಿನ ಹರಾಜಿನ ಪ್ರಕಟಣೆಯಲ್ಲಿ ಹಡಗಿನ ತೂಕದ ಪಕ್ಕದಲ್ಲೇ ಕಲ್ನಾರಿನ ತೂಕವನ್ನೂ ನೌಕಾಪಡೆ ಅಚ್ಚು ಹಾಕಲಿ. ಕಳಚಿದವರ ಎದೆಯ ಎಕ್ಸ್‌ರೇ ಖರ್ಚು ಹರಾಜಿನ ಹಣದಿಂದಲೇ ಹೋಗಲಿ, ಮೂವತ್ತು ವರ್ಷ.