ಸಂದಿನ ಮೇಲೆ ಸಂದು ಬರಬಾರದು

ನನ್ನ ಅಕ್ಕನ ಮನೆ ಮಧುರೆಯಲ್ಲಿ. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಊರು. ಶನಿವಾರ ಬಂತೆಂದರೆ ಕನಸವಾಡಿಯ ಶನಿಮಹಾತ್ಮನ ದರ್ಶನಕ್ಕೆ ಹೋಗುವವರ ಗಾಡಿಗಳದ್ದೇ ಸದ್ದು. ಆ ಮನೆಯ ನಡುಮನೆಯಲ್ಲಿ, ಟೀವಿ ಪಕ್ಕದ ಮೇಜಿನ ಮೇಲೆ, ಎರಡು ವರ್ಷದಿಂದ ಒಂದು ತಾಜ್‌ಮಹಲ್ ಇತ್ತು. ಲೆಗೊ ಕಂಪನಿಯ ಆಟಿಕೆ ಇಟ್ಟಿಗೆಯದು. ಸುಮಾರು ಅರ್ಧ ಮೀಟರ್ ಅಗಲ, 5,923 ತುಣುಕು. ಭಾವನ ತಮ್ಮ ಹೊರದೇಶದಿಂದ ಬರುವಾಗ ಅಕ್ಕನ ಮಗನಿಗೆಂದು ತಂದದ್ದು. ಅದನ್ನು ಜೋಡಿಸಲು ಹುಡುಗನಿಗೆ ಒಂದು ಬೇಸಿಗೆ ರಜೆಯೇ ಹಿಡಿದಿತ್ತು. ಬಂದವರಿಗೆಲ್ಲ ಕಾಫಿಗೆ ಮುಂಚೆ ಅದರ ದರ್ಶನವಾಗುತ್ತಿತ್ತು.

ಹೋದ ದಸರಾ ರಜೆಯಲ್ಲಿ ಹುಡುಗ ನನ್ನ ಹತ್ತಿರ ಬಂದು, "ಮಾಮ, ಇದನ್ನ ಬಿಚ್ಚಿ ನಂದಿ ಗುಡಿ ಕಟ್ಟಣ" ಅಂದ. ಅಡುಗೆಮನೆಯಿಂದಲೇ ಅಕ್ಕ, "ಅಷ್ಟು ದುಡ್ಡು ಕೊಟ್ಟು ತಂದಿರೋದು! ನಿನಗೇನು ತಲೆ ಕೆಟ್ಟಿದ್ಯಾ?" ಎಂದು ಗದರಿದಳು. ನಾನು ಅಕ್ಕನ ಪರ ನಿಂತೆ. "ಇಷ್ಟು ಚೆನ್ನಾಗಿ ಕಟ್ಟಿದ್ದೀಯ, ಇರಲಿ ಬಿಡೋ" ಅಂದೆ. ಹುಡುಗ ಮಾತಾಡದೆ ಎದ್ದು ಹೋದ.

ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಗೈಡು ಓದಬೇಡಿ, ಕವಿತೆಯನ್ನು ನೀವೇ ಬಿಡಿಸಿ ನೋಡಿ ಎಂದು ತರಗತಿಯಲ್ಲಿ ಹೇಳುತ್ತಾ ಬಂದವನು. ಪರೀಕ್ಷೆ ಹತ್ತಿರ ಬಂದಾಗ ನಾನೇ ನೋಟ್ಸ್ ಬರೆಸುವವನೂ ಹೌದು. ಬಿಡಿಸಿ ನೋಡುತ್ತೇನೆಂದು ಒಬ್ಬ ಹುಡುಗ ತಾನಾಗಿಯೇ ಮುಂದೆ ಬಂದಾಗ, ನಾನು ಬೆಲೆಯ ಪರ ಮಾತಾಡಿದ್ದೆ. ಆಟಿಕೆ ಇಟ್ಟಿಗೆಯ ಸ್ಮಾರಕಗಳ ಬಗ್ಗೆ ನಾನು ಯೋಚಿಸತೊಡಗಿದ್ದು ಈ ನಾಚಿಕೆಯಿಂದ. ವಿಮರ್ಶೆಯ ಪುಟದಲ್ಲಿ ಆಟಿಕೆಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಒಂದು ಕಟ್ಟಡದಲ್ಲಿ ಯಾವುದು ಉಳಿಯಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸದೆ ಅದರ ಮಾದರಿ ಮಾಡಲಾಗುವುದಿಲ್ಲ. ಆ ತೀರ್ಮಾನವೇ ವಿಮರ್ಶೆ.

ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ 1932ರಲ್ಲಿ ಮರದ ಆಟಿಕೆ ಮಾಡತೊಡಗಿದ. ಅವನ ಕಂಪನಿ ಈಗಿನ ರೂಪದ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಇಟ್ಟಿಗೆಯ ತಲೆಯ ಮೇಲೆ ಪುಟ್ಟ ಉಬ್ಬುಗಳು, ಹೊಟ್ಟೆಯಲ್ಲಿ ಕೊಳವೆಗಳು. ಒಂದು ಇನ್ನೊಂದನ್ನು ಕಚ್ಚಿ ಹಿಡಿಯುತ್ತದೆ. ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ತೆಳು ಹಲಗೆಯದು 3.2, ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆಯ ಎತ್ತರ. ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಲೆಕ್ಕ ಹಾಕಿದ್ದಾರೆ.

ಛಂದಸ್ಸು ಓದಿದವರಿಗೆ ಇದು ಹೊಸದಲ್ಲ. ಅಳತೆ ಮೊದಲೇ ಗೊತ್ತಾಗಿದೆ, ಹೇಳುವುದನ್ನು ಆ ಅಳತೆಯೊಳಗೇ ಹೇಳಬೇಕು. ವ್ಯಾಸರ ಭಾರತವನ್ನು ಕುಮಾರವ್ಯಾಸ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ಗಣಗಳಲ್ಲಿ ಕಟ್ಟಿ, ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟು ಪರ್ವ ಇಲ್ಲವಲ್ಲ ಎಂದು ಗದುಗಿನ ಭಾರತವನ್ನು ಯಾರೂ ಅರೆಬರೆ ಅನ್ನುವುದಿಲ್ಲ. ಚಿಕ್ಕದಾದದ್ದರಿಂದ ಕೃತಿ ಕೆಡುವುದಿಲ್ಲ. ಚಿಕ್ಕದು ಮಾಡುವವನು ಏನನ್ನು ನೋಡಿದ ಎನ್ನುವುದು ಪ್ರಶ್ನೆ.

ಹಾಗಾದರೆ ನಮ್ಮ ನಡುಮನೆಯ ತಾಜ್ ಏನನ್ನು ನೋಡಿತ್ತು? ಫೋಟೋವನ್ನು. ಎದುರಿನಿಂದ ಎಲ್ಲರೂ ತೆಗೆಯುವ ಅದೇ ಫೋಟೋ. ಗುಮ್ಮಟವಿದೆ, ನಾಲ್ಕು ಮಿನಾರುಗಳಿವೆ, ಕಮಾನುಗಳಿವೆ. ಆಗ್ರಾದ ತಾಜ್‌ಗೆ ಒಂದು ಪಕ್ಕದಲ್ಲಿ ಮಸೀದಿಯಿದೆ. ಇನ್ನೊಂದು ಪಕ್ಕದಲ್ಲಿ ಅದರ ಪಡಿಯಚ್ಚಿನಂಥ ಇನ್ನೊಂದು ಕಟ್ಟಡವಿದೆ. ಅದಕ್ಕೆ 'ಜವಾಬ್', ಅಂದರೆ ಉತ್ತರ ಎಂದೇ ಹೆಸರು. ಎಡಕ್ಕೊಂದಿದ್ದರೆ ಬಲಕ್ಕೊಂದು ಬೇಕು ಎಂಬ ಸಮತೂಕಕ್ಕಾಗಿ ಕಟ್ಟಿದ್ದು. ಆಟಿಕೆಯಲ್ಲಿ ಪ್ರಶ್ನೆಯೂ ಇಲ್ಲ, ಜವಾಬೂ ಇಲ್ಲ. ಹಿಂದೆ ಹರಿಯುವ ಯಮುನೆಯಿಲ್ಲ, ಮುಂದಿನ ತೋಟವಿಲ್ಲ. ಕಟ್ಟಿ ಮುಗಿಸಿದ ದಿನ ಹುಡುಗ ಕೇಳಿದ್ದನಂತೆ: "ಗೋರಿ ಎಲ್ಲಿ?" 2021ರಲ್ಲಿ ಅದೇ ಕಂಪನಿ 2,022 ತುಣುಕಿನ ಇನ್ನೊಂದು ತಾಜ್ ತಂದಿತು. ಅದರಲ್ಲಿ ನೆಲಮಾಳಿಗೆಯ ಗೋರಿಗಳಿವೆ. ತುಣುಕುಗಳು ಮೂರರಲ್ಲೊಂದು ಪಾಲಿಗೆ ಇಳಿದರೂ, ಇದು ಒಬ್ಬಳು ಸತ್ತದ್ದಕ್ಕೆ ಕಟ್ಟಿದ ಮನೆ ಎನ್ನುವುದನ್ನು ಅದು ಮರೆತಿಲ್ಲ. ನನ್ನ ಮಟ್ಟಿಗೆ ಅದೇ ಒಳ್ಳೆಯ ಓದು.

ಆದರೆ ಈ ಲೋಕದಲ್ಲಿ ಹೆಮ್ಮೆಯೆಲ್ಲ ಸಂಖ್ಯೆಯದು. 2008ರ ಮೊದಲ ತಾಜ್ 5,922 ತುಣುಕಿನದು. 2020ರ ರೋಮಿನ ಕೊಲೊಸಿಯಮ್ 9,036. 2022ರ ಐಫೆಲ್ ಗೋಪುರ 10,001. ಆ ಕೊನೆಯ ಒಂದು ಏತಕ್ಕೆ ಎಂದು ಕೇಳಬೇಕಿಲ್ಲ. ಹತ್ತು ಸಾವಿರ ದಾಟಿದೆವು ಅನ್ನುವುದಕ್ಕೆ. ಸಾವಿರ ಪುಟದ ಕಾದಂಬರಿಯನ್ನು ಪುಟದ ಲೆಕ್ಕದಲ್ಲೇ ಹೊಗಳುವ ಮುನ್ನುಡಿಗಳು ನಮ್ಮಲ್ಲೂ ಇವೆ.

ಇದಕ್ಕೆ ನಮ್ಮೂರ ಕಡೆಯ ಹೋಲಿಕೆ ಬೇಕೆಂದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವಿದೆ. 2023ರ ಆಗಸ್ಟಿನಲ್ಲಿ ಗಾಜಿನ ಮನೆಯೊಳಗೆ ಹೂವಿನ ವಿಧಾನಸೌಧ ನಿಂತಿತ್ತು. ನೂಕುನುಗ್ಗಲಿನಲ್ಲಿ ನಾನೂ ನೋಡಿ ಬಂದೆ. ಚೆಂದವಿತ್ತು. ಆದರೆ ಹೂವು ಹೊದಿಕೆ; ಒಳಗಿನ ಚೌಕಟ್ಟು ಭಾರ ಹೊರುತ್ತದೆ, ಹೂವು ಬಣ್ಣ ಕೊಡುತ್ತದೆ. ವಿಧಾನಸೌಧವನ್ನು ಹೊತ್ತಿರುವ ಗ್ರಾನೈಟಿನ ಮಾತು ಅಲ್ಲಿ ಬರುವುದೇ ಇಲ್ಲ. ಆಟಿಕೆ ಇಟ್ಟಿಗೆಯಲ್ಲಿ ಹಾಗಲ್ಲ, ಹೊರಗೆ ಕಾಣುವುದೇ ಒಳಗೂ ಭಾರ ಹೊರಬೇಕು. ಒಂದು ತಮಾಷೆಯೂ ಇದೆ. ಆಗ್ರಾದ ನಿಜವಾದ ತಾಜ್ ಒಳಗೆ ಇಟ್ಟಿಗೆಯದ್ದೇ. ಮಕ್ರಾನದ ಬಿಳಿ ಅಮೃತಶಿಲೆ ಮೇಲಿನ ಹೊದಿಕೆ. ಅಷ್ಟರ ಮಟ್ಟಿಗೆ, ಗೊತ್ತಿಲ್ಲದೆಯೇ, ಆಟಿಕೆ ನಿಜ ಹೇಳಿತ್ತು.

ಕೈಪಿಡಿಯನ್ನು ನಾನು ಪೂರ್ತಿ ತೆಗೆದುಹಾಕುವುದಿಲ್ಲ. ಅದು ಗೈಡಿನ ಹಾಗೆ ಎನ್ನುವುದು ಸುಲಭ: ಬೇರೆಯವರು ನೋಡಿದ್ದನ್ನು ಹಂತ ಹಂತವಾಗಿ ಒಪ್ಪಿಸುತ್ತದೆ, ತೊಂಬತ್ತೊಂದು ಕೋಟಿ ದಾರಿಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಮುಚ್ಚುತ್ತದೆ. ಆದರೆ ಹುಡುಗ ಆ ಕೈಪಿಡಿ ಹಿಡಿದೇ ಒಂದು ಕಮಾನನ್ನು ನಾಲ್ಕು ಸಲ ಕಟ್ಟಿ, ತಾಜ್‌ನ ನಾಲ್ಕು ಮುಖವೂ ಒಂದೇ ಎಂಬುದನ್ನು ಬೆರಳಿನಿಂದ ಕಲಿತಿದ್ದ. ಮಗ್ಗಿ ಬಾಯಿಪಾಠ ಮಾಡಿದವನಿಗೆ ಲೆಕ್ಕ ಹತ್ತಿರವಾಗುವ ಹಾಗೆ. ಮಗ್ಗಿಗೇ ನಿಲ್ಲಿಸಿಬಿಟ್ಟರೆ ಮಾತ್ರ ಕಷ್ಟ. ಅವನು ನಿಲ್ಲಿಸಲು ಒಪ್ಪಿರಲಿಲ್ಲ. ನಿಲ್ಲಿಸು ಎಂದವನು ನಾನು.

ಬೆಳಿಗ್ಗೆ ಅಕ್ಕನಿಗೆ ಹೇಳಿದೆ: "ಕೈಪಿಡಿ ಇದೆ, ಬೇಕಾದಾಗ ಮತ್ತೆ ತಾಜ್ ಕಟ್ಟಬಹುದು. ಎಲ್ಲೂ ಹೋಗಲ್ಲ." ಅಕ್ಕ ಎಷ್ಟೋ ಹೊತ್ತು ಸುಮ್ಮನಿದ್ದು, "ಒಂದು ತುಣುಕು ಕಳೆದ್ರೂ ನಿಮ್ಮಿಬ್ಬರನ್ನೂ ಮನೆಗೆ ಸೇರಿಸಲ್ಲ" ಅಂದಳು.

ಅವತ್ತೇ ನಂದಿಗೆ ಹೋದೆವು. ಬೆಟ್ಟದ ಮೇಲಕ್ಕಲ್ಲ, ಕೆಳಗಿನ ಊರಿನ ಭೋಗನಂದೀಶ್ವರನ ಗುಡಿಗೆ. ಒಂಬತ್ತನೇ ಶತಮಾನದ ಮೊದಲ ವರ್ಷಗಳ ಶಾಸನಗಳಲ್ಲೇ ಉಲ್ಲೇಖವಿರುವ ಗುಡಿ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ, ಅದರ ಮುಂದೆ ಕಲ್ಯಾಣ ಮಂಟಪ. ಆಚೆ ಸಾಲು ಸಾಲು ಮೆಟ್ಟಿಲಿನ ಶೃಂಗಿ ತೀರ್ಥ. ಮದುವೆಗಳಿಗೆ, ನೆಂಟರನ್ನು ಕರೆದುಕೊಂಡು, ಎಷ್ಟೋ ಸಲ ಹೋಗಿದ್ದೇನೆ. ನೋಡಿದ್ದೇನೆ ಅಂದುಕೊಂಡಿದ್ದೆ. ಹುಡುಗ ಲೆಕ್ಕದ ಪುಸ್ತಕ ತಂದಿದ್ದ. ಗೋಪುರದ ಕೆಳಗೆ ಕೂತು ಎಣಿಸತೊಡಗಿದ. ಅರ್ಧ ಗಂಟೆ ಬಿಟ್ಟು ಕೂಗಿದ: "ಮಾಮ, ಗುಡಿ ಮೇಲೆ ಗುಡಿ ಇಟ್ಟವ್ರೆ!"

ನಾನು ತಲೆಯೆತ್ತಿ ನೋಡಿದೆ. ಹೌದು. ಗೋಪುರದ ಒಂದೊಂದು ಅಂತಸ್ತಿನಲ್ಲೂ ಮೂಲೆಗೆ ಚೌಕದ ಪುಟ್ಟ ಗುಡಿ, ನಡುವೆ ಉದ್ದ ಮಾಡಿನ ಪುಟ್ಟ ಗುಡಿ. ಶಾಸ್ತ್ರದವರು ಕೂಟ, ಶಾಲೆ ಎಂದು ಹೆಸರಿಟ್ಟದ್ದು ಇವಕ್ಕೇ. ಮೇಲೆ ಹೋದಂತೆ ಅವು ಕಿರಿದಾಗುತ್ತವೆ, ತುದಿಯಲ್ಲಿ ಒಂದೇ ಉಳಿಯುತ್ತದೆ. ಕರ್ನಾಟಕದ ದ್ರಾವಿಡ ಗುಡಿಗಳ ಬಗ್ಗೆ 1995ರಲ್ಲಿ ಪುಸ್ತಕ ಬರೆದ ಆಡಂ ಹಾರ್ಡಿ ಇದನ್ನೇ ವಿಸ್ತಾರವಾಗಿ ವಾದಿಸುತ್ತಾರೆ: ನಮ್ಮ ಗುಡಿಯೆಂದರೆ ಗುಡಿಯ ಕಿರುರೂಪಗಳನ್ನು ಜೋಡಿಸಿ ಕಟ್ಟಿದ ಗುಡಿ. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಹೊರಗೋಡೆಯ ಮೇಲೆ ಕೆತ್ತಿದ ಪುಟಾಣಿ ಶಿಖರಗಳನ್ನು ನೋಡಿದವರಿಗೆ ಈ ಮಾತು ಬೇಗ ಹಿಡಿಸುತ್ತದೆ. ನಾನು ಹಾರ್ಡಿಯವರ ವಾದವನ್ನು ಓದಿದ್ದೆ, ಪಾಠದಲ್ಲಿ ಹೇಳಿಯೂ ಇದ್ದೆ. ನಂದಿಯ ಗೋಪುರದಲ್ಲಿ ಅದನ್ನು ಕಂಡಿರಲಿಲ್ಲ. ಹುಡುಗ ಅದನ್ನು ಓದಿರಲಿಲ್ಲ. ಯಾವ ತುಣುಕು ಎಷ್ಟು ಬೇಕು ಎಂದು ಲೆಕ್ಕ ಹಾಕುವವನಿಗೆ ಅದು ಕಾಣದೇ ಇರಲು ಸಾಧ್ಯವಿರಲಿಲ್ಲ.

ಮಾದರಿ ಕಟ್ಟುವ ಕೆಲಸದ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ತಾಜ್‌ನ ಕಿಟ್ ಕಟ್ಟಡದ ಮೈಯನ್ನು ತುಣುಕಾಗಿ ಕತ್ತರಿಸಿತ್ತು. ಎಲ್ಲಿ ಕತ್ತರಿಸಿದರೂ ಅದಕ್ಕೆ ಒಂದೇ. ನಂದಿಯ ಗೋಪುರವನ್ನು ಮಾತ್ರ ಅದು ಸ್ವತಃ ಜೋಡಣೆಯಾಗಿರುವ ಕಡೆಯಲ್ಲೇ ಬಿಡಿಸಬಹುದಿತ್ತು. ಒಳ್ಳೆಯ ಓದುಗ ಪದ್ಯವನ್ನು ಬಿಡಿಸುವುದು ಹಾಗೆ. ಪ್ರಾಸ ಎಲ್ಲಿ ಹಿಡಿದಿದೆ, ವಾಕ್ಯ ಎಲ್ಲಿ ಸಾಲನ್ನು ದಾಟಿದೆ ಎಂದು ನೋಡಿಕೊಂಡು ಬಿಡಿಸುತ್ತಾನೆ. ಕೈಗೆ ಬಂದ ಕಡೆ ಮುರಿದು 'ಇದರ ಸಾರಾಂಶ' ಎನ್ನುವುದಿಲ್ಲ.

ನಾಲ್ಕು ದಿನ ಕಟ್ಟಿದೆವು. ಹುಡುಗ ಮೊದಲು ಮೂಲೆಯ ಗುಡಿಯೊಂದನ್ನು ಆರು ತುಣುಕಿನಲ್ಲಿ ಮಾಡಿ ಮುಂದಿಟ್ಟುಕೊಂಡ. ಆಮೇಲೆ ಅದನ್ನೇ ಮಾಡುತ್ತಾ ಹೋದ. ಶೃಂಗಿ ತೀರ್ಥದ ಮೆಟ್ಟಿಲು ಸಲೀಸಾಗಿ ಬಂತು. ಮೆಟ್ಟಿಲೆಂದರೆ ಇಟ್ಟಿಗೆಗೆ ತಾಯಿಭಾಷೆ. ಕಲ್ಯಾಣ ಮಂಟಪ ನಮ್ಮನ್ನು ಸೋಲಿಸಿತು. ಆ ಕಂಬಗಳ ಕೆತ್ತನೆ 8 ಮಿಲಿಮೀಟರಿಗೆ ದಕ್ಕುವುದಲ್ಲ. ಏನೇನೋ ಸಣ್ಣ ತುಣುಕು ಅಂಟಿಸಿ ನೋಡಿದೆವು, ಜಾತ್ರೆಯ ಅಂಗಡಿ ಥರ ಕಂಡಿತು. ಕಡೆಗೆ ನಾಲ್ಕು ಬರಿಯ ಕಂಬ ನಿಲ್ಲಿಸಿ ಸುಮ್ಮನಾದೆವು. ಆಗದ್ದನ್ನು ಆಗಿದೆಯೆಂದು ತೋರಿಸುವುದಕ್ಕಿಂತ ಆ ಬರಿಗಂಬಗಳೇ ವಾಸಿ ಅನಿಸಿತು. ಇನ್ನೊಂದು ತಪ್ಪು ತಿದ್ದಲಾರದ್ದು. ನಂದಿಯ ಕಲ್ಲು ಬೂದು. ನಮ್ಮ ಗುಡಿ ತಾಜ್‌ನ ಇಟ್ಟಿಗೆಯದು, ಹಾಲಿನಷ್ಟು ಬಿಳಿ. ನೋಡಿದವರಿಗೆ ಇದು ಇನ್ನೊಂದು ಕಟ್ಟಡವನ್ನು ಬಿಚ್ಚಿ ಕಟ್ಟಿದ್ದೆಂದು ಗೊತ್ತಾಗಿಯೇ ಆಗುತ್ತದೆ.

ಕೊನೆಯ ದಿನ ಭಾವನ ದೊಡ್ಡಪ್ಪ ಬಂದರು. ಅರವತ್ತು ದಾಟಿದ್ದಾರೆ, ಜೀವನವೆಲ್ಲ ಗಾರೆ ಕೆಲಸ ಮಾಡಿದವರು. ತಾಜ್ ಇದ್ದಾಗ ಎಷ್ಟೋ ಸಲ ಬಂದು ಹೋಗಿದ್ದರು, ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ಕನ್ನಡಕ ಏರಿಸಿ, ಬಗ್ಗಿ, ಗೋಡೆಯನ್ನು ಬೆರಳಿನಿಂದ ಸವರಿದರು.

"ಯಾರ್ಲಾ ಕಟ್ಟಿದ್ದು?"

"ನಾನೇ ತಾತ. ಮಾಮನೂ ಸೇರ್ಕೊಂಡ್ರು."

"ಈ ಮೂಲೆ ನೋಡು. ಕೆಳಗಿನ ವರಸೆ ಸಂದು ಇಲ್ಲೇ ಬಂದದೆ, ಮೇಲಿನ ವರಸೇದೂ ಇಲ್ಲೇ ಬಂದದೆ. ಸಂದಿನ ಮೇಲೆ ಸಂದು ಬರಬಾರ್ದು ಕಣಪ್ಪ, ಗೋಡೆ ಬಾಯಿ ಬಿಡ್ತದೆ."

ಹುಡುಗ ಒತ್ತಿ ನೋಡಿದ. ಮೂಲೆ ನಿಜವಾಗಿಯೂ ಸಡಿಲವಾಗಿತ್ತು. ತಾಜ್‌ನಲ್ಲಿ ಇಂಥ ತಪ್ಪು ಆಗಿರಲಿಲ್ಲ, ಕೈಪಿಡಿ ಆಗಗೊಟ್ಟಿರಲಿಲ್ಲ. ಹಾಗಾಗಿಯೇ ದೊಡ್ಡಪ್ಪನಿಗೆ ಅಲ್ಲಿ ಮಾತಾಡುವುದಕ್ಕೆ ಏನೂ ಇರಲಿಲ್ಲವೇನೋ. ನಾನು ಇಷ್ಟು ವರ್ಷ ಬರೆಸಿದ ನೋಟ್ಸುಗಳಲ್ಲೂ ತಪ್ಪಿರಲಿಲ್ಲ. ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾನೂ ಅವರಂತೆಯೇ ಸುಮ್ಮನೆ ಪುಟ ತಿರುಗಿಸುತ್ತಿದ್ದೆ.

ಮೂಲೆಯ ಮೂರು ವರಸೆ ಬಿಚ್ಚಿ ಮತ್ತೆ ಕಟ್ಟಿದೆವು. ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಮುಗಿಯುವ ತನಕ ಪಕ್ಕದಲ್ಲೇ ಕೂತಿದ್ದರು. ಅಕ್ಕ ಉಳಿದ ತುಣುಕುಗಳನ್ನು ಹಳೆಯ ಅವಲಕ್ಕಿ ಡಬ್ಬಿಗೆ ತುಂಬಿ, ಎಣಿಸಿದ್ದೀರಾ ಎಂದು ಕೇಳಿದಳು. ನಾವು ಎಣಿಸಿರಲಿಲ್ಲ.