ಕರ್ನೆಲ್ಲಿನ ಕೀಲಿ ಸಂಖ್ಯೆಗಳು: ಒಂದು ವಿಮರ್ಶೆ

ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ, 1948ರಲ್ಲಿ ಪ್ರಕಟವಾದ ಗ್ರಂಥಸೂಚಿಯಲ್ಲಿ ಮೂಡುಬಿದಿರೆಯ ತಾಳೆಯೋಲೆ ಗ್ರಂಥಗಳಿಗೆ ಸಂಖ್ಯೆಗಳಿವೆ. ಆ ಸಂಖ್ಯೆ ಗ್ರಂಥದ ಗುರುತೇ ಹೊರತು ಅದಿರುವ ಕಪಾಟಿನ ವಿಳಾಸವಲ್ಲ. ಓದುಗನ ಕೈಯಲ್ಲಿ ಕಟ್ಟು ಇರುವಾಗಲೇ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಟ್ಟರೆ ಭಂಡಾರದ ಲೆಕ್ಕ ಕೆಡುವುದು. ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲೂಕಿನ ಉಜಿರೆ ಮತ್ತು ಮೂಡುಬಿದಿರೆಯ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲಿನಕ್ಸ್ ಕರ್ನೆಲ್ಲಿನಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ.

ಆರ್‌ಡಿಎಂಎ ಎಂಬುದು ಎರಡು ಗಣಕಗಳ ಸ್ಮೃತಿಗಳ ನಡುವೆ ಪ್ರೊಸೆಸರಿಗೆ ಹೊರೆಯಾಗದಂತೆ ದತ್ತಾಂಶವನ್ನು ಸಾಗಿಸುವ ವಿಧಾನ. ಇದರ ಡ್ರೈವರು ತನ್ನ ಕೆಲವು ಪುಟಗಳನ್ನು ಬಳಕೆದಾರನ ಪ್ರೋಗ್ರಾಮಿಗೆ ತೆರೆದಿಡಬೇಕು. ಆದರೆ ನಿಜವಾದ ವಿಳಾಸವನ್ನು ಹೇಳುವಂತಿಲ್ಲ. ಕೀಲಿ ಸಂಖ್ಯೆಯೊಂದನ್ನು ಕೊಡುತ್ತದೆ. ಪ್ರೋಗ್ರಾಮು ಅದನ್ನು ಎಂಮ್ಯಾಪ್ ಕರೆಯಲ್ಲಿ ಆಫ್‌ಸೆಟ್ಟಾಗಿ ಒಪ್ಪಿಸುತ್ತದೆ. ಹಿಂದೆ ಈ ಹಂಚಿಕೆಯನ್ನು ಡ್ರೈವರುಗಳು ತಮಗೆ ತೋಚಿದಂತೆ ಮಾಡುತ್ತಿದ್ದವು. 2020ರ ಜನವರಿಯಲ್ಲಿ ಹೊರಬಂದ 5.5ನೆಯ ಆವೃತ್ತಿ ಎಲ್ಲಕ್ಕೂ ಸಾಮಾನ್ಯವಾದ ಒಂದು ಕೋಷ್ಟಕವನ್ನು ಒದಗಿಸಿತು.

ಇದರ ಮುಖ್ಯ ಗುಣ, ಕೀಲಿಯನ್ನು ಹಿಂತೆಗೆಯುವ ಕ್ರಮದಲ್ಲಿದೆ. ಡ್ರೈವರು ನಮೂದನ್ನು ತೆಗೆದೆನೆಂದರೂ ಅದು ಕೂಡಲೇ ಅಳಿಯದು. ಹೊಸಬರಿಗೆ ಬಾಗಿಲು ಮುಚ್ಚುತ್ತದೆ, ಅಷ್ಟೆ. ಈಗಾಗಲೇ ಪುಟವನ್ನು ತೆರೆದುಕೊಂಡವರ ಎಣಿಕೆ ಸೊನ್ನೆಗೆ ಇಳಿದ ಮೇಲೆಯೇ ಸಂಖ್ಯೆಯೂ ಪುಟವೂ ಬಿಡುಗಡೆಯಾಗುತ್ತವೆ. ಈ ಎಣಿಕೆ ತಪ್ಪಿದರೆ ಒಬ್ಬನ ಪುಟ ಮತ್ತೊಬ್ಬನ ಕಣ್ಣಿಗೆ ಬೀಳುವುದು. ಇದು ಸಣ್ಣ ದೋಷವಲ್ಲ. ಕೋಷ್ಟಕವು ಪ್ರತಿ ಬಳಕೆ ಸಂದರ್ಭಕ್ಕೂ ಬೇರೆಯಾದುದರಿಂದ ಪರರ ಕೀಲಿಯನ್ನು ಊಹಿಸಿಯೂ ಫಲವಿಲ್ಲ. ಕೇಳಿದ ಉದ್ದ ನಮೂದಿನ ಉದ್ದಕ್ಕೆ ಸರಿಹೊಂದದಿದ್ದರೂ ಕೋರಿಕೆ ತಿರಸ್ಕೃತವಾಗುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಕೋಷ್ಟಕವು ಮೊದಲು ಸಿಕ್ಕ ಖಾಲಿ ಸ್ಥಾನವನ್ನೇ ಹಂಚುವುದರಿಂದ ಬಿಡುಗಡೆಯಾದ ಸಂಖ್ಯೆ ಬೇಗನೆ ಮತ್ತೆ ಬಳಕೆಗೆ ಬರುತ್ತದೆ. ಹಳೆಯ ಕೀಲಿಯನ್ನು ಮರೆತು ಇಟ್ಟುಕೊಂಡ ಪ್ರೋಗ್ರಾಮು ತನ್ನದೇ ಬೇರೊಂದು ಸರತಿಯ ಪುಟವನ್ನು ತೆರೆದೀತು. ಸರತಿಗಳು ಸಮಾನ ಗಾತ್ರದವಾದರೆ ಉದ್ದದ ಪರೀಕ್ಷೆಯೂ ಅದನ್ನು ಹಿಡಿಯಲಾರದು. ತಪ್ಪು ಪ್ರೋಗ್ರಾಮಿನದೇ, ನಿಜ. ಆದರೆ ಅದು ಸದ್ದಿಲ್ಲದೆ ನಡೆದುಹೋಗುವುದು ನಮಗೆ ಸರಿಯೆನಿಸುವುದಿಲ್ಲ. ಕರ್ನೆಲ್ಲಿನ ಎಕ್ಸ್‌ಅರೇಯಲ್ಲಿ ಸಂಖ್ಯೆಗಳನ್ನು ಸುತ್ತುಕ್ರಮದಲ್ಲಿ ಹಂಚುವ ವಿಧಾನವೊಂದು ಇದೆ. ಅದು ಒಂದೊಂದೇ ಸಂಖ್ಯೆಗೆ ಒಪ್ಪುತ್ತದೆ, ಹಲವು ಪುಟಗಳ ಸಾಲಿಗೆ ಒಪ್ಪದು. ಹಿಂದಿನ ಹಂಚಿಕೆ ನಿಂತ ಸ್ಥಾನದಿಂದ ಹುಡುಕಾಟವನ್ನು ಆರಂಭಿಸುವಂತೆ ಈ ಕೋಷ್ಟಕವನ್ನೇ ತಿದ್ದಬೇಕಾಗುವುದು.